ಹಳೇ ಮ್ಯಾಸಿಗೆ ಸ್ಟ್ರೋಕ್ ಹೆಚ್ಚಿಸೋ ಮುಂಚೆ ಲೆಕ್ಕ ಹಾಕಿ

ಕ್ಯಾಸಂಬಳ್ಳಿಯ ನಮ್ಮ ತೋಟದಲ್ಲಿ ಅಪ್ಪನ ಕಾಲದ ಮ್ಯಾಸಿ 35 ಇದೆ. ರೋಟವೇಟರ್ ಹಾಕಿದ್ರೆ ಏದುಸಿರು ಬಿಡ್ತಿತ್ತು. 'ಸ್ಟ್ರೋಕ್ ಜಾಸ್ತಿ ಮಾಡ್ಸಿ, ಸಿಸಿ ಏರುತ್ತೆ' ಅಂದ್ರು ಪರಿಚಯದ ಮೆಕ್ಯಾನಿಕ್. ಆಸೆಯಾಯ್ತು, ಲೆಕ್ಕ ಹಾಕಿದೆ.

ಇದರದ್ದು ಮೂರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್ ಎಂಜಿನ್. ಬೋರ್ 91.4, ಸ್ಟ್ರೋಕ್ 127 ಮಿ.ಮೀ.; ಸುಮಾರು 2,500 ಸಿಸಿ. ಕ್ರ್ಯಾಂಕ್ ಪಿನ್ನಿನ ಕೇಂದ್ರ 2 ಮಿ.ಮೀ. ಹೊರಗೆ ಸರಿಯುವಂತೆ ಗ್ರೈಂಡ್ ಮಾಡಿಸಿದರೆ ಸ್ಟ್ರೋಕ್ 4 ಮಿ.ಮೀ. ಹೆಚ್ಚುತ್ತೆ. ಸಿಗೋದು 79 ಸಿಸಿ, ಶೇ. 3 ಅಷ್ಟೇ!

ಪಿಸ್ಟನ್ ಮಾತ್ರ 2 ಮಿ.ಮೀ. ಮೇಲೇರಿ ಹೆಡ್‌ಗೆ ಬಡಿಯುತ್ತೆ. ಗಿಡ್ಡ ಪಿಸ್ಟನ್ ಹುಡುಕಬೇಕು. ಪಿನ್ ಸಣ್ಣದಾಗಿ ಕ್ರ್ಯಾಂಕ್ ಬಲವೂ ಕುಗ್ಗುತ್ತೆ. ಉಳುಮೆ ಹೊತ್ತಲ್ಲಿ ಅದು ಮುರಿದರೆ ಬೆಳೆಯೇ ಹೋಯ್ತು. ಪಂಪ್ ಹೆಚ್ಚು ಡೀಸೆಲ್ ಕೊಡದಿದ್ರೆ ಶಕ್ತಿಯೂ ಏರಲ್ಲ.

ಕಂಪ್ರೆಷನ್ ನೋಡಿಸಿ, ಲೈನರ್, ಪಿಸ್ಟನ್ ಹೊಸದು ಹಾಕಿಸಿದೆ. ಇಂಜೆಕ್ಟರ್ ಸರ್ವೀಸ್ ಆಯ್ತು. 5 ಅಡಿ ರೋಟವೇಟರ್ ಬದಲು 4 ಅಡಿಯದ್ದು ಹಾಕಿದೆ. ಟೊಮೇಟೊ ಹೊಲ ಮಧ್ಯಾಹ್ನದೊಳಗೆ ಮುಗೀತು.