ನೊಂದವರೇ ಮುಂದಾಳಾದಾಗ

1975ರ ಏಪ್ರಿಲ್‌ನಿಂದ 1979ರ ಜನವರಿವರೆಗೆ ಕಾಂಬೋಡಿಯಾವನ್ನು ಆಳಿದ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪು ಸುಮಾರು 17 ಲಕ್ಷ ಜನರ ಸಾವಿಗೆ ಕಾರಣವಾಯಿತು. ಬದುಕುಳಿದವರಲ್ಲಿ ಒಂದೂವರೆ ಲಕ್ಷದಷ್ಟು ಜನ ಅಮೆರಿಕ ಸೇರಿ, ಲಾಂಗ್ ಬೀಚ್, ಲೋವೆಲ್‌ನಂಥ ಊರುಗಳಲ್ಲಿ ನೆಲೆ ನಿಂತರು. ಅವರು ಕಳೆದುಕೊಂಡದ್ದು ಬಂಧುಗಳನ್ನಷ್ಟೇ ಅಲ್ಲ. ಓದುಬರಹ ಬಲ್ಲವರನ್ನೂ ಭಿಕ್ಷುಗಳನ್ನೂ ಕಲಾವಿದರನ್ನೂ ಆ ಆಳ್ವಿಕೆ ಹುಡುಕಿ ಹುಡುಕಿ ಮುಗಿಸಿತ್ತು. ಮಕ್ಕಳ ಕೈಯಿಂದಲೇ ಹೆತ್ತವರ ಮೇಲೆ ದೂರು ಹೇಳಿಸಿತ್ತು. ಕಷ್ಟ ಬಂದರೆ ಯಾರ ಬಳಿ ಹೋಗುವುದು, ಯಾರನ್ನು ನಂಬುವುದು ಎಂಬುದೇ ತಿಳಿಯದ ಸ್ಥಿತಿ. ಇಂಥ ಗಾಯ ಮಾಯಬೇಕಾದರೆ ಅದೇ ನೋವುಂಡವರು ಮುಂದೆ ನಿಲ್ಲಲೇಬೇಕು.

ಮಹಾ ಘೋಸಾನಂದರನ್ನೇ ನೋಡಿ. ನಮ್ಮ ನಾಲಂದಾದಲ್ಲೂ ಓದಿದ್ದ ಈ ಭಿಕ್ಷು ತಮ್ಮ ಇಡೀ ಕುಟುಂಬವನ್ನು ಕಳೆದುಕೊಂಡವರು. ಥಾಯ್ಲೆಂಡ್ ಗಡಿಯ ಶಿಬಿರಗಳಲ್ಲಿ ಅವರು ಮೊದಲು ಮಾಡಿದ ಕೆಲಸ ಮೈತ್ರಿಯನ್ನು ಬೋಧಿಸುವ ಬುದ್ಧವಚನವಾದ ಮೆತ್ತಸುತ್ತದ ಚೀಟಿಗಳನ್ನು ಹಂಚಿದ್ದು, ಬಿದಿರಿನ ಗುಡಿ ಕಟ್ಟಿಸಿದ್ದು. ಹಸಿದವರಿಗೆ ಸುತ್ತವೇ ಎಂದು ಮೂಗು ಮುರಿಯುವುದು ಸುಲಭ. ಆದರೆ ಅಕ್ಕಿಯನ್ನು ವಿಶ್ವಸಂಸ್ಥೆ ಕೊಡಬಲ್ಲದು; ಸತ್ತವರಿಗೆ ಪುಣ್ಯ ಅರ್ಪಿಸುವ ವಿಧಿಯನ್ನು ಹೊರಗಿನವರು ಕೊಡಲಾರರು. ಮುಂದೆ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ನೆಲೆಸಿ ಅಲ್ಲಲ್ಲಿ ಗುಡಿಗಳನ್ನು ಕಟ್ಟಿಸಿದರು. 1992ರಲ್ಲಿ ನಿರಾಶ್ರಿತರೊಡನೆ ಗಡಿಯಿಂದ ನಾಮ್ ಪೆನ್‌ವರೆಗೆ ನಡೆದೇ ಹೋದರು. ಬಾಲ್ಯದಲ್ಲಿ ಖಮೇರ್ ರೂಜ್ ಸೈನಿಕರಿಗಾಗಿ ಕೊಳಲು ನುಡಿಸಬೇಕಾಗಿ ಬಂದಿದ್ದ ಆರ್ನ್ ಚೋರ್ನ್ ಪಾಂಡ್, ಅಳಿದುಳಿದ ಸಂಗೀತ ಗುರುಗಳನ್ನು ಹುಡುಕಿ ಶಿಷ್ಯರನ್ನು ಒದಗಿಸುವ ಸಂಸ್ಥೆಯನ್ನು 1998ರಲ್ಲಿ ಆರಂಭಿಸಿದ್ದೂ ಇದೇ ಜಾಡಿನಲ್ಲಿ.

ಗುಡಿ, ಸಂಗೀತಗಳಿಂದ ಮನೋರೋಗ ವಾಸಿಯಾದೀತೇ ಎಂಬ ಆಕ್ಷೇಪಕ್ಕೆ ಬಲವಾದ ಪುರಾವೆಯಿದೆ. ಲಾಂಗ್ ಬೀಚ್‌ನ 490 ನಿರಾಶ್ರಿತರನ್ನು ಮಾತನಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 62 ಮಂದಿಗೆ ಆಘಾತೋತ್ತರ ಒತ್ತಡ, ಶೇ. 51 ಮಂದಿಗೆ ತೀವ್ರ ಖಿನ್ನತೆ ಕಂಡುಬಂದಿತ್ತು. ಅಮೆರಿಕಕ್ಕೆ ಬಂದು ಎರಡು ದಶಕಗಳಾದ ಮೇಲಿನ ಮಾತಿದು. ಆದ್ದರಿಂದ ವೈದ್ಯರು ಬೇಕೇ ಬೇಕು. ಆದರೆ ವೈದ್ಯರ ಬಾಗಿಲವರೆಗೆ ರೋಗಿಯನ್ನು ಕರೆತರುವವರು ಯಾರು? ಬಾಸ್ಟನ್‌ನಲ್ಲಿ 1981ರಲ್ಲಿ ರಿಚರ್ಡ್ ಮೊಲಿಕಾ ಮತ್ತು ಸಂಗಡಿಗರು ತೆರೆದ ಮನೋಚಿಕಿತ್ಸಾಲಯ ನಿರಾಶ್ರಿತರ ಸಮುದಾಯದವರನ್ನೇ ಸಿಬ್ಬಂದಿಯಾಗಿ ಸೇರಿಸಿಕೊಂಡದ್ದು ಇದನ್ನು ಅರಿತೇ. ಘೋಸಾನಂದರಂಥವರು ಸಾರಿದ ಕ್ಷಮೆಯ ಮಾತು ಕೊಲೆಗಾರರಿಗೆ ರಕ್ಷೆಯಾಗುತ್ತದೆ ಎಂಬ ಇನ್ನೊಂದು ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಆದರೂ ನೊಂದವರು ತೀರ್ಪಿಗಾಗಿ ಕಾದು ಕೂರುವಂತಿರಲಿಲ್ಲ: ಖಮೇರ್ ರೂಜ್ ಮುಖಂಡರ ವಿಚಾರಣೆಗೆಂದೇ ರಚಿಸಿದ ವಿಶೇಷ ನ್ಯಾಯಾಲಯ ಮೊದಲ ಅಪರಾಧಿಗೆ ಶಿಕ್ಷೆ ವಿಧಿಸಿದ್ದು 2010ರಲ್ಲಿ. 2022ರಲ್ಲಿ ಅದರ ಕೊನೆಯ ತೀರ್ಪು ಬರುವ ಹೊತ್ತಿಗೆ ಶಿಕ್ಷೆಯಾದವರು ಒಟ್ಟು ಮೂವರು. ಮೊದಮೊದಲ ಶಿಬಿರಗಳಲ್ಲಿ ಹುಟ್ಟಿದ ಮಕ್ಕಳಿಗೆ ಆಗಲೇ ನಲವತ್ತು ದಾಟಿತ್ತು.