ಹಿಮದ ನಾಡಿನಲ್ಲಿ ಮನೆಯ ಮಗುವಾಗಿ

ಪರದೇಶದ ವಿದ್ಯಾಭ್ಯಾಸವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ವಿಶ್ವವಿದ್ಯಾನಿಲಯ, ಪದವಿ, ಅದರ ಬೆನ್ನಿಗೇ ಉದ್ಯೋಗ. ಆದರೆ ಹದಿನಾರು ಹದಿನೇಳರ ಹರೆಯದಲ್ಲಿ, ಯಾವ ಪದವಿಯ ಆಸೆಯೂ ಇಲ್ಲದೆ, ಒಂದು ಶಾಲಾವರ್ಷದ ಮಟ್ಟಿಗೆ ಅನ್ಯದೇಶದ ಮನೆಯೊಂದರಲ್ಲಿ ಮಗನಾಗಿಯೋ ಮಗಳಾಗಿಯೋ ಇದ್ದು ಬರುವ ಇನ್ನೊಂದು ಬಗೆಯ ಪ್ರವಾಸವೂ ಉಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಫ್ರಾನ್ಸಿನ ರಣರಂಗದಿಂದ ಗಾಯಾಳುಗಳನ್ನು ಸಾಗಿಸಲು ಹುಟ್ಟಿಕೊಂಡ ‘ಅಮೆರಿಕನ್ ಫೀಲ್ಡ್ ಸರ್ವಿಸ್’ ಎಂಬ ಸ್ವಯಂಸೇವಕರ ಪಡೆಯು, ಎರಡನೆಯ ಮಹಾಯುದ್ಧ ಮುಗಿದ ಬಳಿಕ 1947ರಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳ ವಿನಿಮಯವನ್ನು ಆರಂಭಿಸಿತು. ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಬೆಳೆದ ಮಕ್ಕಳು ಮುಂದೆ ಸುಲಭವಾಗಿ ಶತ್ರುಗಳಾಗಲಾರರು ಎಂಬ ನಂಬಿಕೆಯೇ ಅದರ ತಳಹದಿ. ಇಂದಿಗೂ ಇಂಥ ಮಕ್ಕಳನ್ನು ಇರಿಸಿಕೊಳ್ಳುವ ಕುಟುಂಬಗಳು ಸಾಮಾನ್ಯವಾಗಿ ಹಣವನ್ನು ಬಯಸದೆಯೇ ಬಾಗಿಲು ತೆರೆಯುತ್ತವೆ.

ಇಂಥ ವರ್ಷದ ನಿಜವಾದ ಪರೀಕ್ಷೆ ನಡೆಯುವುದು ಚಳಿಗಾಲದಲ್ಲಿ. ಫಿನ್‌ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಬೋತ್ನಿಯಾ ಕೊಲ್ಲಿಯ ದಡದಲ್ಲಿರುವ ವಾಸಾ ಪಟ್ಟಣವನ್ನು ನೋಡೋಣ. ಅದು ಉತ್ತರ ಅಕ್ಷಾಂಶ 63ರಲ್ಲಿದೆ. ಆಗಸ್ಟ್ ತಿಂಗಳಲ್ಲಿ ವಿದ್ಯಾರ್ಥಿ ಬಂದಿಳಿಯುವಾಗ ರಾತ್ರಿ ಒಂಬತ್ತರವರೆಗೂ ಬೆಳಕು. ಎಲ್ಲವೂ ಹೊಸದು, ಎಲ್ಲವೂ ಸೊಗಸು. ನವೆಂಬರ್ ಬಂದಂತೆ ಹಗಲು ಕುಗ್ಗುತ್ತ ಹೋಗುತ್ತದೆ. ಡಿಸೆಂಬರ್ ಮೂರನೆಯ ವಾರದಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಮೂಡಿದ ಸೂರ್ಯ ಮಧ್ಯಾಹ್ನ ಮೂರಾಗುವುದರೊಳಗೆ ಮುಳುಗಿರುತ್ತಾನೆ. ಆ ಐದು ಗಂಟೆಯೂ ತುಂಬದ ಹಗಲಿನಲ್ಲಿ ಮೋಡ ಕವಿದರಂತೂ ಬೆಳಗು ಬೈಗುಗಳ ಭೇದವೇ ತಿಳಿಯದು.

ಕತ್ತಲಲ್ಲೇ ಏಳಬೇಕು, ಕತ್ತಲಲ್ಲೇ ಶಾಲೆಗೆ ಹೊರಡಬೇಕು. ಬೆಳಗಿನ ಆಹಾರ ಓಟ್ಸ್ ಗಂಜಿ, ರೈ ಧಾನ್ಯದ ಕಪ್ಪು ರೊಟ್ಟಿ, ಬೆಣ್ಣೆ. ಉಡುಪು ತೊಡುವುದೇ ಒಂದು ವಿದ್ಯೆ: ಮೈಗೆ ಅಂಟಿದಂತೆ ತೆಳುವಾದ ಉಣ್ಣೆ, ಅದರ ಮೇಲೆ ಬೆಚ್ಚನೆಯ ಅಂಗಿ, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ಕೋಟು. ಒಂದೇ ದಪ್ಪ ಬಟ್ಟೆಗಿಂತ ಪದರಗಳ ನಡುವೆ ನಿಲ್ಲುವ ಗಾಳಿಯೇ ಚಳಿಗೆ ಹೆಚ್ಚಿನ ಗೋಡೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ದಿನಗಳೂ ಅಲ್ಲಿ ಬರುತ್ತವೆ. ಕೋಟಿನಿಂದ ಒಂದು ಪುಟ್ಟ ಬಿಲ್ಲೆ ತೂಗಾಡುತ್ತಿರುತ್ತದೆ. ಕತ್ತಲಲ್ಲಿ ನಡೆಯುವವರು ವಾಹನದವರ ಕಣ್ಣಿಗೆ ಬೀಳಲೆಂದು ಅದು ದೀಪದ ಬೆಳಕನ್ನು ಹಿಂದಿರುಗಿಸುತ್ತದೆ. ಮಗುವಿನಿಂದ ಮುದುಕರವರೆಗೆ ಎಲ್ಲರೂ ಅದನ್ನು ಧರಿಸುತ್ತಾರೆ. ಪಾದರಕ್ಷೆಗಳನ್ನು ಮನೆಯ ಬಾಗಿಲಲ್ಲೇ ಬಿಡುವ ರೂಢಿ ಮಾತ್ರ ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಶಾಲೆಯಲ್ಲಿ ಮೊದಲ ಬೆರಗು ಗುರುಗಳನ್ನು ಹೆಸರು ಹಿಡಿದು ಕರೆಯುವುದು. ‘ಸರ್’, ‘ಮೇಡಂ’ ಎನ್ನುತ್ತ ಎದ್ದು ನಿಲ್ಲುವ ನಮ್ಮ ಮಕ್ಕಳ ನಾಲಿಗೆ ಇದಕ್ಕೆ ಒಗ್ಗಲು ವಾರಗಳೇ ಬೇಕು. ಎರಡನೆಯ ಬೆರಗು ಮಧ್ಯಾಹ್ನದ ಊಟ. ಶಾಲಾಮಕ್ಕಳೆಲ್ಲರಿಗೂ ಬಿಸಿಯೂಟವನ್ನು ಉಚಿತವಾಗಿ ನೀಡಬೇಕೆಂಬ ಕಾನೂನನ್ನು ಫಿನ್‌ಲೆಂಡ್ 1943ರಲ್ಲಿ, ಯುದ್ಧದ ನಡುವೆಯೇ ಮಾಡಿತು. 1948ರಿಂದ ಅದು ಪೂರ್ಣವಾಗಿ ಜಾರಿಗೆ ಬಂದಿತು. ಗುರುವಾರ ಬಟಾಣಿಯ ಗಟ್ಟಿ ಸಾರು, ಜೊತೆಗೆ ಸಿಹಿದೋಸೆಯಂಥ ತಿಂಡಿ. ಇದು ಆ ನಾಡಿನ ಹಳೆಯ ವಾಡಿಕೆ. ಸಸ್ಯಾಹಾರಿಗಳಿಗೂ ಈಗ ಸಾಮಾನ್ಯವಾಗಿ ತೊಂದರೆಯಿಲ್ಲ. ಬಿಸಿಲಿಲ್ಲದ ನಾಡಿನಲ್ಲಿ ‘ಡಿ’ ಜೀವಸತ್ತ್ವದ ಕೊರತೆ ಕಾಡುವುದರಿಂದ 2003ರಿಂದ ಅಲ್ಲಿ ಹಾಲಿಗೆ ಅದನ್ನು ಬೆರೆಸುತ್ತಾರೆ. ಚಳಿಗಾಲದಲ್ಲಿ ವ್ಯಾಯಾಮದ ತರಗತಿಯೆಂದರೆ ಹಿಮದ ಮೇಲೆ ಜಾರುವ ಸ್ಕೀ, ಇಲ್ಲವೇ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್. ಐದು ವರ್ಷದ ಹಸುಳೆ ಸರಾಗವಾಗಿ ತೇಲಿಹೋಗುವಲ್ಲಿ ಹದಿನೇಳರ ಅತಿಥಿ ಕುಳಿತೇಳುವುದೇ ಸಾಹಸ.

ಆದರೆ ಗಡಿನಾಡಿನ ನಮ್ಮಂಥವರು ಕಿವಿಗೊಟ್ಟು ಕೇಳಬೇಕಾದ ಸಂಗತಿ ಬೇರೆಯೇ ಇದೆ. ವಾಸಾದಲ್ಲಿ ಹೆಚ್ಚಿನವರ ಮಾತು ಫಿನ್ನಿಷ್. ಸುಮಾರು ನಾಲ್ಕರಲ್ಲೊಂದು ಪಾಲು ಜನರ ತಾಯ್ನುಡಿ ಸ್ವೀಡಿಷ್. ದೇಶದ ಒಟ್ಟು ಲೆಕ್ಕದಲ್ಲಿ ಸ್ವೀಡಿಷ್ ಆಡುವವರು ನೂರಕ್ಕೆ ಐದು ಮಂದಿ ಮಾತ್ರ. ಆದರೂ ಸಂವಿಧಾನ ಎರಡನ್ನೂ ರಾಷ್ಟ್ರಭಾಷೆಗಳೆಂದು ಕರೆದಿದೆ. ಒಂದು ಊರಿನಲ್ಲಿ ಅಲ್ಪಸಂಖ್ಯಾತ ಭಾಷಿಕರು ನೂರಕ್ಕೆ ಎಂಟರಷ್ಟಿದ್ದರೆ, ಅಥವಾ 3,000 ಮಂದಿಯಿದ್ದರೆ, ಆ ಊರು ಎರಡು ಭಾಷೆಗಳ ಊರು. ಬೀದಿಯ ಫಲಕದಲ್ಲಿ ಎರಡು ಹೆಸರು. ಶಿಶುವಿಹಾರದಿಂದ ವಿಶ್ವವಿದ್ಯಾನಿಲಯದವರೆಗೆ ಸ್ವೀಡಿಷ್‌ನಲ್ಲಿಯೇ ಓದಬಹುದು. ಬಹುಸಂಖ್ಯಾತರ ಮಕ್ಕಳೂ ಶಾಲೆಯಲ್ಲಿ ಸ್ವೀಡಿಷ್ ಕಲಿಯಲೇಬೇಕು. ನಮ್ಮ ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಅನುಕೂಲ ಕಲ್ಪಿಸಲು ಯತ್ನಿಸಬೇಕೆನ್ನುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಓದುಗರಿಗೇ ಬಿಡೋಣ.

ಸ್ವೀಡಿಷ್ ಆಡುವ ಮನೆಗೆ ಹೋದ ವಿದ್ಯಾರ್ಥಿಗೆ ಇನ್ನೊಂದು ತೊಡಕು ಕಾದಿರುತ್ತದೆ. ಪುಸ್ತಕದ ಸ್ವೀಡಿಷ್ ಒಂದು. ಆ ಕರಾವಳಿಯ ಊಟದ ಮೇಜಿನ ಆಡುನುಡಿ ಇನ್ನೊಂದು. ಸ್ವೀಡನ್ನಿನಿಂದ ಬಂದವರೇ ಅದಕ್ಕೆ ತಡವರಿಸುತ್ತಾರೆ. ಕಾಸರಗೋಡಿನ ಹವ್ಯಕ ಮನೆಯಲ್ಲೋ ಸೊಲ್ಲಾಪುರದ ಕನ್ನಡ ಓಣಿಯಲ್ಲೋ ಬೆಳೆದ ಹುಡುಗಿಗೆ ಇದು ಹೊಸ ಕಷ್ಟವೇನಲ್ಲ. ಮನೆಯಲ್ಲೊಂದು ಮಾತು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಎಂಬ ಬಾಳು ಅವಳಿಗೆ ತೊಟ್ಟಿಲಿನಿಂದಲೇ ಬಂದದ್ದು. ಅರ್ಥವಾಗದ ಮಾತಿನ ನಡುವೆ ಅಂಜದೆ ಕುಳಿತು, ದನಿಯನ್ನೂ ಮುಖಭಾವವನ್ನೂ ಹಿಡಿದು ಅರ್ಥಕ್ಕೆ ದಾರಿ ಮಾಡಿಕೊಳ್ಳುವ ಕಲೆಯಲ್ಲಿ ಗಡಿನಾಡಿನ ಮಕ್ಕಳು ಆಗಲೇ ಪಳಗಿದವರು. ನಾವು ಕೊರತೆಯೆಂದು ಎಣಿಸಿದ್ದು ಅಲ್ಲಿ ಕೈಹಿಡಿಯುವ ಗಂಟು.

ಇಷ್ಟಾದರೂ ಡಿಸೆಂಬರಿನ ಕತ್ತಲೆ ಎದೆಯೊಳಗೂ ಇಳಿಯುತ್ತದೆ. ಮನೆಯ ನೆನಪು ಹೆಚ್ಚು ಕಾಡುವುದು ಆಗಲೇ. ಇದಕ್ಕೆ ಆ ನಾಡಿನವರು ಕಂಡುಕೊಂಡ ಮದ್ದು ದೀಪ, ಬಿಸಿ ಮತ್ತು ಜೊತೆ. 1917ರಲ್ಲಿ ಸ್ವತಂತ್ರವಾದ ನೆನಪಿಗಾಗಿ ಡಿಸೆಂಬರ್ 6ರ ಸಂಜೆ ಮನೆಮನೆಯ ಕಿಟಕಿಯಲ್ಲಿ ಎರಡೆರಡು ಮೇಣದಬತ್ತಿ. 13ರಂದು ಸ್ವೀಡಿಷ್ ಆಡುವವರ ಲೂಸಿಯಾ ಹಬ್ಬ. ತಲೆಯ ಮೇಲೆ ದೀಪಗಳ ಕಿರೀಟ ಧರಿಸಿದ ಹುಡುಗಿಯ ಹಿಂದೆ ಬಿಳಿಯುಡುಗೆಯ ಮಕ್ಕಳು ಹಾಡುತ್ತ ಬರುತ್ತಾರೆ. ಕ್ರಿಸ್‌ಮಸ್ ಹಿಂದಿನ ದಿನ ನಡುಹಗಲು ಹನ್ನೆರಡಕ್ಕೆ ತುರ್ಕು ನಗರದ ಉಪ್ಪರಿಗೆಯಿಂದ ಹಬ್ಬದ ಶಾಂತಿಯ ಘೋಷಣೆಯನ್ನು ಫಿನ್ನಿಷ್ ಮತ್ತು ಸ್ವೀಡಿಷ್ ಎರಡರಲ್ಲೂ ಓದುತ್ತಾರೆ. ಆ ಸಂಜೆ ಹಿಮ ಹೊದ್ದ ಸ್ಮಶಾನಗಳಲ್ಲಿ ಹಿರಿಯರ ಸಮಾಧಿಗಳ ಮುಂದೆ ಸಾಲುಸಾಲಾಗಿ ದೀಪ ಉರಿಯುತ್ತವೆ. ಕಾರ್ತಿಕದ ದೀಪವನ್ನು ಕಂಡ ಕಣ್ಣಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಬಿಸಿಗೆ ಸೌನಾ. ಕಟ್ಟಿಗೆಯ ಕೋಣೆಯಲ್ಲಿ ಕಾದ ಕಲ್ಲಿನ ಮೇಲೆ ನೀರೆರಚಿ, ಆ ಆವಿಯಲ್ಲಿ ಬೆವರಿ ಮೀಯುವ ಈ ಸ್ನಾನವನ್ನು ಯುನೆಸ್ಕೋ 2020ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಶನಿವಾರದ ಎಣ್ಣೆನೀರಿನ ಸುಖ ಬಲ್ಲವರಿಗೆ ಅದು ಬಲುಬೇಗ ಹಿಡಿಸುತ್ತದೆ. ಮಿತಭಾಷಿಗಳೆಂದು ಹೆಸರಾದ ಆ ಜನ ಮನಬಿಚ್ಚಿ ಮಾತಾಡುವುದೂ ಅಲ್ಲಿಯೇ.

ಫೆಬ್ರವರಿಯಲ್ಲಿ ಬೆಳಕು ಮರಳುತ್ತದೆ. 5ರಂದು ಕವಿ ರುನೆಬೆರ್ಗ್ ಅವರ ಹುಟ್ಟುಹಬ್ಬ. ಅವರ ಹೆಸರಿನ ಪುಟ್ಟ ಕೇಕು ಎಲ್ಲ ಅಂಗಡಿಗಳಲ್ಲಿ. ಫಿನ್‌ಲೆಂಡಿನ ರಾಷ್ಟ್ರಗೀತೆಯನ್ನು ಅವರು ಬರೆದದ್ದು ಸ್ವೀಡಿಷ್‌ನಲ್ಲಿ ಎಂಬುದನ್ನು ಅತಿಥಿ ವಿದ್ಯಾರ್ಥಿ ಆಗ ತಿಳಿಯುತ್ತಾನೆ. ಅದೇ ತಿಂಗಳು ಪರೀಕ್ಷೆಯ ಓದಿಗಾಗಿ ಶಾಲೆ ಬಿಡುವ ಅಂತಿಮ ವರ್ಷದವರು ವೇಷ ತೊಟ್ಟು ಲಾರಿಗಳ ಮೇಲೆ ಮೆರವಣಿಗೆ ಹೊರಟು ದಾರಿಯುದ್ದಕ್ಕೂ ಮಿಠಾಯಿ ಎರಚುತ್ತಾರೆ. ಮರುದಿನ ಎರಡನೆಯ ವರ್ಷದವರು, ಇನ್ನು ಶಾಲೆಗೆ ತಾವೇ ಹಿರಿಯರೆಂದು, ಹಳೆಯ ಕಾಲದ ಉಡುಪಿನಲ್ಲಿ ನರ್ತಿಸುತ್ತಾರೆ. ಭಾನುವಾರ ಕುಟುಂಬವೆಲ್ಲ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆಯಲು ಹೊರಡುತ್ತದೆ. ಕೊರಳಲ್ಲಿ ಎರಡು ಮೊನೆಯುಳ್ಳ ಹಿಡಿಗಳು. ಗಡ್ಡೆ ಒಡೆದು ನೀರಿಗೆ ಬಿದ್ದರೆ ಅಂಚಿಗೆ ಚುಚ್ಚಿ ಮೇಲೇರಲು ಅವೇ ಆಸರೆ.

ಮಕ್ಕಳನ್ನು ಹೀಗೆ ಕಳುಹಿಸುವ ಅವಕಾಶ ಒದಗಿದ ತಾಯಿತಂದೆಯರಿಗೆ ಎರಡು ಮಾತು. ಡಿಸೆಂಬರಿನಲ್ಲಿ ಮಗುವಿನ ದನಿ ಕುಗ್ಗಿದರೆ ಗಾಬರಿಯಿಂದ ದಿನಕ್ಕೆ ನಾಲ್ಕು ಸಲ ದೂರವಾಣಿ ಮಾಡಬೇಡಿ. ಅಲ್ಲಿನ ಮನೆಯವರೊಡನೆ ಅಡುಗೆಗೆ, ಹಿಮ ಬಾಚುವುದಕ್ಕೆ ಕೈಜೋಡಿಸಲು ಹೇಳಿ. ಕೆಲಸದಲ್ಲಿ ಸೇರಿದವರು ಮಾತಿನಲ್ಲೂ ಬೇಗ ಸೇರುತ್ತಾರೆ. ಇನ್ನೊಂದು, ಹೊರಡುವ ಮುನ್ನ ಕನ್ನಡವನ್ನು ಚೆನ್ನಾಗಿ ಓದಿ ಬರೆಯಲು ಕಲಿಸಿರಿ. ‘ನಿನ್ನ ಭಾಷೆಯಲ್ಲಿ ನನ್ನ ಹೆಸರು ಬರೆದು ತೋರಿಸು’ ಎಂದು ಅಲ್ಲಿನ ಗೆಳೆಯರು ಕೇಳದೆ ಇರುವುದಿಲ್ಲ. ಆಗ ನಮ್ಮ ಮಕ್ಕಳ ಕೈ ತಡೆಯಬಾರದು.