‘ಸ್ಲೀಪರ್ ಹಿಟ್’ ಅಂದ್ರೆ ನಿದ್ದೆ ಬರಿಸೋ ಸಿನಿಮಾ ಅಲ್ಲ! ಇಂಗ್ಲಿಷ್ ವಿಮರ್ಶೆ ಓದುವಾಗ ಎಡವೋದು ಇಲ್ಲೇ

ಶುಕ್ರವಾರ ಸಿನಿಮಾ ಬಿಡುಗಡೆಯಾದರೆ ಸಂಜೆಯೊಳಗೆ ಮೊಬೈಲ್‌ಗೆ ಇಂಗ್ಲಿಷ್ ವಿಮರ್ಶೆ ಬಂದಿರುತ್ತೆ. ಮನೆಮಂದಿಯೆಲ್ಲ ಥಿಯೇಟರ್‌ಗೆ ಹೋಗಿ ಬರೋದು ಈಗ ಸಣ್ಣ ಖರ್ಚಲ್ಲ. ಹಾಗಾಗಿ ವಿಮರ್ಶೆ ಓದಿಯೇ ಟಿಕೆಟ್ ಬುಕ್ ಮಾಡೋರು ಬಹಳ. ಆದರೆ ಅದರಲ್ಲಿನ ನುಡಿಗಟ್ಟುಗಳನ್ನು ಪದಕ್ಕೆ ಪದ ಅರ್ಥ ಮಾಡಿಕೊಂಡರೆ ಹೊಗಳಿಕೆ ತೆಗಳಿಕೆಯಾಗಿ, ತೆಗಳಿಕೆ ಹೊಗಳಿಕೆಯಾಗಿ ಕಾಣುತ್ತೆ.

‘ಸ್ಲೀಪರ್ ಹಿಟ್’ ಅನ್ನೋದನ್ನೇ ನೋಡಿ. ನಮ್ಮಲ್ಲಿ ಸಿನಿಮಾ ‘ಮಕಾಡೆ ಮಲಗಿತು’ ಅಂದ್ರೆ ಸೋತಿತು ಅಂತ. ಇಂಗ್ಲಿಷ್‌ನಲ್ಲಿ ಸ್ಲೀಪರ್ ಅಂದ್ರೆ ಅದರ ಉಲ್ಟಾ: ಮೊದಲಿಗೆ ಯಾರೂ ಹೆಚ್ಚು ನಿರೀಕ್ಷೆ ಇಡದೆ, ಆಮೇಲೆ ಬಾಯಿಂದ ಬಾಯಿಗೆ ಹರಡಿ ಗೆದ್ದ ಚಿತ್ರ. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ ಇದಕ್ಕೆ ಒಳ್ಳೆ ಉದಾಹರಣೆ. ಗಣೇಶ್ ಆಗಿನ್ನೂ ದೊಡ್ಡ ಸ್ಟಾರ್ ಆಗಿರಲಿಲ್ಲ, ಆದರೂ ಸಿನಿಮಾ ವರ್ಷ ದಾಟಿ ಓಡಿತು.

‘ಬಾಂಬ್ಡ್’ ಅಂತ ಓದಿದರೆ ಈಗಿನ ಹುಡುಗರ ‘ಬೆಂಕಿ’ ಮಾತು ನೆನಪಾಗಬಹುದು. ಮೋಸ ಹೋಗಬೇಡಿ. ‘ಬಾಂಬ್ಡ್ ಅಟ್ ದ ಬಾಕ್ಸ್ ಆಫೀಸ್’ ಅಂದ್ರೆ ತೋಪು. ತಮಾಷೆ ಅಂದ್ರೆ, ಬ್ರಿಟನ್‌ನಲ್ಲಿ ‘ವೆಂಟ್ ಲೈಕ್ ಎ ಬಾಂಬ್’ ಅಂದ್ರೆ ಚೆನ್ನಾಗಿ ಗೆದ್ದಿತು ಅಂತ!

ಕೆಲವು ಮಾತುಗಳ ಬೇರು ನಾಟಕರಂಗದಲ್ಲಿದೆ. ‘ಸ್ಟೋಲ್ ಹಿಸ್ ಥಂಡರ್’ ಅನ್ನೋದರ ಹಿಂದೆ ಲಂಡನ್ನಿನ ಒಂದು ಪ್ರಸಿದ್ಧ ಕಥೆಯಿದೆ. 1709ರಲ್ಲಿ ಜಾನ್ ಡೆನ್ನಿಸ್ ಅನ್ನೋ ನಾಟಕಕಾರ ತನ್ನ ನಾಟಕಕ್ಕೆ ಗುಡುಗಿನ ಸದ್ದು ಹೊರಡಿಸೋ ಹೊಸ ಉಪಾಯ ಕಂಡುಹಿಡಿದನಂತೆ. ನಾಟಕ ಓಡಲಿಲ್ಲ, ನಿಂತೇ ಹೋಯಿತು. ಸ್ವಲ್ಪ ದಿನಕ್ಕೆ ಅದೇ ರಂಗಮಂದಿರದಲ್ಲಿ ‘ಮ್ಯಾಕ್‌ಬೆತ್’ ನೋಡಲು ಹೋದರೆ ಅಲ್ಲಿ ತನ್ನದೇ ಗುಡುಗು! ನನ್ನ ನಾಟಕ ಓಡಿಸಲಿಲ್ಲ, ಗುಡುಗು ಮಾತ್ರ ಕದ್ದರು ಅಂತ ಅವನು ಕೂಗಾಡಿದ ಅನ್ನುತ್ತಾರೆ. ಹಾಗಾಗಿ ವಿಲನ್ ಹೀರೋನ ‘ಥಂಡರ್’ ಕದ್ದ ಅಂತ ಬರೆದಿದ್ದರೆ, ಹೀರೋಗೆ ಸಿಗಬೇಕಿದ್ದ ಚಪ್ಪಾಳೆ ವಿಲನ್ ಪಾಲಾಯಿತು ಅಂತ ಅರ್ಥ.

‘ಚ್ಯೂಯಿಂಗ್ ದ ಸೀನರಿ’ಯೂ ಅದೇ ಕಡೆಯದು. ಇಲ್ಲಿ ಸೀನರಿ ಅಂದ್ರೆ ಬೆಟ್ಟಗುಡ್ಡ ಅಲ್ಲ, ಕಂಪನಿ ನಾಟಕದವರು ಹೇಳೋ ಸೀನರಿ, ಅಂದ್ರೆ ಪರದೆ, ಸೆಟ್ಟು. ಅದನ್ನೇ ಅಗಿದು ತಿನ್ನೋ ಹಾಗೆ ಅಬ್ಬರಿಸೋದು, ಓವರ್ ಆ್ಯಕ್ಟಿಂಗ್. ವಿಲನ್ ಪಾತ್ರವಾದರೆ ಇದು ಕೆಲವೊಮ್ಮೆ ಮೆಚ್ಚುಗೆಯೂ ಹೌದು, ಅಕ್ಕಪಕ್ಕದ ವಾಕ್ಯ ನೋಡಬೇಕು. ಇನ್ನು ‘ಫೋನ್ಡ್ ಇಟ್ ಇನ್’ ಅಂದ್ರೆ ಮನಸ್ಸಿಲ್ಲದೆ ಕಾಟಾಚಾರಕ್ಕೆ ನಟಿಸಿದ್ದಾರೆ ಅಂತ.

‘ಪಾಪ್‌ಕಾರ್ನ್ ಫ್ಲಿಕ್’ ಬೈಗುಳವಲ್ಲ. ತಲೆ ಕೆಡಿಸಿಕೊಳ್ಳದೆ ನೋಡಿ ಬರೋ ಸಿನಿಮಾ (ಮಲ್ಟಿಪ್ಲೆಕ್ಸ್ ಪಾಪ್‌ಕಾರ್ನ್ ರೇಟು ಬೇರೆ ವಿಷಯ). ನಮ್ಮ ದೇಶದ ವಿಮರ್ಶಕರಿಗೆ ಬಲು ಇಷ್ಟವಾದ ‘ಒನ್ ಟೈಮ್ ವಾಚ್’ ಕೇಳೋಕೆ ಶಿಫಾರಸಿನ ಹಾಗಿರುತ್ತೆ, ನಿಜವಾಗಿ ಅದು ಪಾಸ್ ಮಾರ್ಕು ಅಷ್ಟೇ. ಓಟಿಟಿಗೆ ಬಂದಾಗ ನೋಡಿದರೂ ನಡೆಯುತ್ತೆ.